ಜಲಪಾತಕ್ಕೆ ಹೋಗೋದಾದರೆ ಪಿತೃಪಕ್ಷದಲ್ಲಿ ಹೋಗಿ

ಜುಲೈ ಬಂತೆಂದರೆ ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಚರ್ಚೆ. ಈ ವೀಕೆಂಡ್ ಯಾವ ಫಾಲ್ಸ್? ದೇವಕುಂಡವಾ, ಕುಂಭೆಯಾ, ಲೋಣಾವಳವಾ? ನನ್ನ ಉತ್ತರ ಪ್ರತಿ ವರ್ಷ ಅದೇ. ಅನಂತ ಚತುರ್ದಶಿಯ ಗಣಪತಿ ಕಳಿಸಿ ಬನ್ನಿ, ಆಮೇಲೆ ಹೋಗೋಣ. ಹಾಗಾಗಿ ಈಗ ನನ್ನನ್ನು ಯಾರೂ ಕೇಳುವುದೇ ಇಲ್ಲ.

ಹಿಂಜವಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗ ಮಾತ್ರ ಇನ್ನೂ ಕೇಳುತ್ತಾನೆ. "ಮಾಮಾ, ನೀರು ನೋಡಾಕ ಹೋಗೋದು, ನೀರು ಕಮ್ಮಿ ಆದಮ್ಯಾಲ ಹೋಗಿ ಏನ್ ಮಾಡೋದು?" ಪ್ರಶ್ನೆ ಸರಿಯಾಗೇ ಇದೆ. ಅದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಮೊದಲು ಮಳೆಯ ಲೆಕ್ಕ. ಪುಣೆ ನಗರಕ್ಕೆ ಇಡೀ ವರ್ಷ ಬೀಳುವುದು ಸುಮಾರು 700 ಮಿಲಿಮೀಟರ್. ಅಲ್ಲಿಂದ 65 ಕಿಲೋಮೀಟರ್ ದೂರದ ಲೋಣಾವಳದಲ್ಲಿ 4,000ಕ್ಕೂ ಜಾಸ್ತಿ. ಪುಣೆ ನಗರದ ಕೋಥರೂಡ್‌ನಲ್ಲಿ ಕಿಟಕಿ ತೆಗೆದು ನೋಡಿ "ಇವತ್ತು ಮಳೆ ಅಷ್ಟಿಲ್ಲ ಬಿಡ್ರಿ" ಅಂತ ಬೈಕ್ ಹತ್ತುವವರಿಗೆ ಈ ಅಂತರ ತಲೆಗೆ ಹೋಗುವುದಿಲ್ಲ. ಹವಾಮಾನ ಇಲಾಖೆ ಪುಣೆ ಜಿಲ್ಲೆಯ ಘಾಟ್ ಭಾಗಕ್ಕೆ ಮುನ್ಸೂಚನೆಯನ್ನು ಬೇರೆಯಾಗಿಯೇ ಕೊಡುತ್ತದೆ. ನೋಡಬೇಕಾದದ್ದು ಆ ಸಾಲು. ಆರೆಂಜ್ ಅಲರ್ಟ್ ಅಂತ ಇದ್ದರೆ 24 ಗಂಟೆಯಲ್ಲಿ 115 ಮಿಲಿಮೀಟರ್ ದಾಟಬಹುದು ಅಂತ ಅರ್ಥ. ರೆಡ್ ಅಂದರೆ 204 ದಾಟಬಹುದು. ಅಂಥ ದಿನ ಮನೆಯಲ್ಲಿ ಕೂತು ಮಿರ್ಚಿ ಭಜಿ ತಿನ್ನಿ, ತಪ್ಪೇನಿಲ್ಲ.

ಎರಡನೆಯದು ನಮ್ಮ ಸಹ್ಯಾದ್ರಿಯ ಕಲ್ಲು. ಇದೆಲ್ಲ ಕರಿ ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಕಲ್ಲು. ಮೇಲೆ ಮಣ್ಣಿನ ಪದರ ತೆಳು, ನೀರು ಬೇಗ ಇಂಗುವುದಿಲ್ಲ. ಜಲಪಾತಗಳ ಮೇಲಿನ ಹಳ್ಳಗಳೂ ಚಿಕ್ಕವು. ಮೇಲಿನ ಬಯಲಲ್ಲಿ ಅರ್ಧ ತಾಸು ಜೋರು ಮಳೆಯಾದರೆ ಸಾಕು, ಮೊಣಕಾಲಿನ ನೀರು ಎದೆಮಟ್ಟಕ್ಕೆ ಬರುತ್ತದೆ. ಕೆಳಗೆ ನಿಂತವರ ತಲೆಯ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ, ಅದೇ ಕಷ್ಟ. ಸೂಚನೆ ಸಿಗುವುದು ನೀರಿನಲ್ಲೇ. ತಿಳಿಯಾಗಿದ್ದ ಹಳ್ಳ ನೋಡನೋಡುತ್ತ ಚಹಾ ಬಣ್ಣಕ್ಕೆ ತಿರುಗುತ್ತದೆ. ಒಣ ಎಲೆ, ಕಡ್ಡಿ, ನೊರೆ ತೇಲಿ ಬರುತ್ತವೆ. ಸದ್ದು ದಪ್ಪವಾಗುತ್ತದೆ. ಇಷ್ಟು ಕಂಡ ಮೇಲೆ ಚಪ್ಪಲಿ, ಬ್ಯಾಗು, ಮೊಬೈಲು ಯಾವುದನ್ನೂ ಹುಡುಕಬಾರದು, ದಂಡೆಗೆ ಬಂದು ಮೇಲೆ ಹತ್ತಬೇಕು. ಆದರೆ ಬ್ಲೂಟೂತ್ ಸ್ಪೀಕರ್ ಹಚ್ಚಿಕೊಂಡು ಕುಣಿಯುವ ಗುಂಪಿನ ನಡುವೆ ನಿಂತವರಿಗೆ ಸದ್ದು ಬದಲಾಗಿದ್ದು ಹೇಗೆ ಗೊತ್ತಾಗಬೇಕು?

2024ರ ಜೂನ್ 30ರಂದು ಲೋಣಾವಳದ ಭುಶಿ ಡ್ಯಾಮ್ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಆ ವಿಡಿಯೋ ನೀವೂ ನೋಡಿರುತ್ತೀರಿ. 2025ರ ಜೂನ್ 15ರಂದು ತಳೇಗಾಂವ್ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೇ ಕಬ್ಬಿಣದ ಸೇತುವೆ ಜನರ ಸಮೇತ ಕುಸಿದು ನಾಲ್ವರು ಸತ್ತರು. ಎರಡೂ ಜೂನ್ ತಿಂಗಳು, ಎರಡೂ ಭಾನುವಾರ. ಒಂದು ಕಡೆ ನೀರು, ಇನ್ನೊಂದು ಕಡೆ ಹಳೇ ಸೇತುವೆ. ಆದರೆ ಜನ ಮಾತ್ರ ಎರಡೂ ಕಡೆ ತುಂಬಿದ್ದರು. ಅದಕ್ಕೇ ನನ್ನ ಪ್ರಕಾರ ಯಾವ ತಿಂಗಳು ಅನ್ನುವುದಕ್ಕಿಂತ ಮೊದಲು ಯಾವ ವಾರ ಅಂತ ಕೇಳಬೇಕು. ಭಾನುವಾರವಾದರೆ ಬೇಡ.

ಭಾನುವಾರಗಳಲ್ಲೂ ಕೆಟ್ಟ ಭಾನುವಾರ ಯಾವುದು ಗೊತ್ತಾ? ಗಟಾರಿಗೆ ಮುಂಚಿನದು. ನಾವು ಭೀಮನ ಅಮಾವಾಸ್ಯೆ ಮಾಡುವ ಆಷಾಢದ ಅಮಾವಾಸ್ಯೆಯೇ ಇಲ್ಲಿನವರ ಗಟಾರಿ. ಶ್ರಾವಣ ಹಿಡಿಯುವ ಮುಂಚೆ ಮಾಂಸ, ಮದ್ಯ ಎಲ್ಲ ಮುಗಿಸಿಬಿಡುವ ಹಬ್ಬ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಗಂಡನ ಪಾದಪೂಜೆ ಮಾಡುವ ಹೊತ್ತಿಗೆ ಘಾಟಿನ ಹಳ್ಳಗಳಲ್ಲಿ ಬಾಟಲಿ ಒಡೆಯುತ್ತಿರುತ್ತವೆ. ಬರಿಗಾಲಲ್ಲಿ ನೀರಿಗಿಳಿಯುವ ಮಕ್ಕಳ ಅಂಗಾಲಿಗೆ ಆ ಗಾಜು ಸಿಗುವುದು ಮುಂದಿನ ವಾರ.

ಈಗ ನನ್ನ ಪಿತೃಪಕ್ಷಕ್ಕೆ ಬರುತ್ತೇನೆ. ಭಾದ್ರಪದದ ಹುಣ್ಣಿಮೆಯಿಂದ ಮಹಾಲಯ ಅಮಾವಾಸ್ಯೆಯವರೆಗೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಗಣಪತಿಯ ಗದ್ದಲ ಮುಗಿದಿರುತ್ತದೆ. ಜೇಬೂ ಖಾಲಿ, ಉತ್ಸಾಹವೂ ಖಾಲಿ. ನವರಾತ್ರಿ ಇನ್ನೂ ಶುರುವಾಗಿರುವುದಿಲ್ಲ. "ಪಕ್ಷಮಾಸದಾಗ ಅಡವಿ ತಿರುಗ್ತಾರೇನೋ" ಅಂತ ನಮ್ಮವ್ವ ಬೈಯುವುದು ಇದ್ದೇ ಇದೆ. ಬಹಳ ಮನೆಗಳಲ್ಲಿ ಹೀಗೇ ಬೈಯುವವರು ಇರುವುದರಿಂದಲೇ ದಾರಿ ಖಾಲಿ ಇರುತ್ತದೆ ಅಂತ ನನ್ನ ಗುಮಾನಿ.

ಮತ್ತೆ ನೀರು? ಬೇಕಾದಷ್ಟು ಇರುತ್ತದೆ. ಮೂರು ತಿಂಗಳ ಮಳೆ ಕುಡಿದ ಬೆಟ್ಟ ಒಂದೇ ವಾರದಲ್ಲಿ ಒಣಗುವುದಿಲ್ಲ. ಜುಲೈನಲ್ಲಿ ಮಂಜು ಕವಿದು ಹತ್ತಡಿ ಮುಂದಿನದು ಕಾಣುವುದಿಲ್ಲ, ಜಲಪಾತವನ್ನು ಕೇಳಿಸಿಕೊಂಡು ವಾಪಸ್ ಬಂದವರೇ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ತುದಿಯಿಂದ ಬುಡದವರೆಗೆ ಕಾಣುತ್ತದೆ. ಕೆಂಪು ರಾಡಿ ಹೋಗಿ ನೀರು ಹಾಲಿನ ಬಣ್ಣಕ್ಕೆ ಬಂದಿರುತ್ತದೆ. ಬಂಡೆಯ ಬಿರುಕುಗಳಲ್ಲೆಲ್ಲ ಹಳದಿ ಸೋನಕಿ ಹೂವು. ಸಾತಾರ ಕಡೆ ಹೋದರೆ ಕಾಸ್ ಬಯಲಿನ ಹೂವು ಮತ್ತು ಠೋಸೇಘರ್ ಜಲಪಾತ ಎರಡೂ ಒಂದೇ ದಿನದಲ್ಲಿ ಆಗುತ್ತವೆ. ದೇವಕುಂಡಕ್ಕೂ ಇದೇ ಒಳ್ಳೆಯ ಹೊತ್ತು. ಭೀರಾ ಊರಿನಿಂದ ಹೋಗುವ ಆ ದಾರಿಯಲ್ಲಿ ಹಳ್ಳ ದಾಟಬೇಕು, ಜೋರು ಮಳೆಯ ತಿಂಗಳುಗಳಲ್ಲಿ ಆಡಳಿತದವರು ನಿರ್ಬಂಧ ಹಾಕುವುದೂ ಅದಕ್ಕೇ. ಊರಿನ ಹುಡುಗರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಗರದಿಂದ ಎರಡು ಬಸ್ ಜನ ತುಂಬಿಕೊಂಡು ಬರುವ ಟ್ರೆಕ್ ಲೀಡರ್‌ಗಿಂತ ಆ ಹಳ್ಳದ ಸ್ವಭಾವ ಅವರಿಗೆ ಗೊತ್ತು.

ಕೊರತೆಯೂ ಇದೆ. ಪಾಚಿ ಹೋಗಿರುವುದಿಲ್ಲ, ಬಂಡೆ ಜಾರುತ್ತದೆ. ಮಳೆಗಾಲ ಮುಗಿಯುವಾಗ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ. ಹಾಗಾಗಿ ಬೆಳಗ್ಗೆ ಆರಕ್ಕೇ ನಡೆಯಲು ಶುರು ಮಾಡಿ, ಮಧ್ಯಾಹ್ನದ ಊಟಕ್ಕೆ ಕೆಳಗೆ ಹಳ್ಳಿಯಲ್ಲಿರಬೇಕು. ಅಲ್ಲಿ ಝುಣಕಾ ಭಾಕ್ರಿ ಸಿಗುತ್ತದೆ, ನಮ್ಮ ರೊಟ್ಟಿ ಊಟಕ್ಕೆ ಬಹಳ ದೂರವೇನಿಲ್ಲ. ಭಾದ್ರಪದಕ್ಕೆ ಮುಂಚೆಯೇ ಅಧಿಕ ಮಾಸ ಬಂದ ವರ್ಷ ಪಿತೃಪಕ್ಷ ಹೆಚ್ಚುಕಡಿಮೆ ಅಕ್ಟೋಬರ್‌ಗೆ ಜಾರುತ್ತದೆ. ಆಗ ಸಣ್ಣಪುಟ್ಟ ಧಾರೆಗಳು ಸೊರಗಿರುತ್ತವೆ, ಅಂಥ ವರ್ಷ ಸೆಪ್ಟೆಂಬರ್‌ನ ಯಾವುದಾದರೂ ಮಂಗಳವಾರ, ಬುಧವಾರ ರಜೆ ಹಾಕಿ.

ಜುನ್ನರ್ ಹತ್ತಿರದ ನಾಣೇಘಾಟಿನ ಉಲ್ಟಾ ಜಲಪಾತಕ್ಕೆ ಮಾತ್ರ ನನ್ನ ಈ ಲೆಕ್ಕ ನಡೆಯುವುದಿಲ್ಲ. ನೀರನ್ನು ಮೇಲಕ್ಕೆ ಎಸೆಯಲು ಆಷಾಢದ ಗಾಳಿಯೇ ಬೇಕು. ಹೋಗಿ, ಆದರೆ ಅಂಚಿನಿಂದ ದೂರ ನಿಲ್ಲಿ.

ಗೋವಾದ ದೂಧಸಾಗರದ ಬಗ್ಗೆ ಬೆಳಗಾವಿ, ಹುಬ್ಬಳ್ಳಿ ಕಡೆಯ ಹುಡುಗರಿಗೆ ಒಂದು ಮಾತು. ಅದು 310 ಮೀಟರ್ ಎತ್ತರದ ಜಲಪಾತ, ಜುಲೈನಲ್ಲಿ ಅದರ ರೂಪವೇ ಬೇರೆ, ಒಪ್ಪಿದೆ. ಆದರೆ ಕುಳೇಂನಿಂದ ಹೋಗುವ ಜೀಪು ಮಳೆಗಾಲದಲ್ಲಿ ಬಂದ್, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಶುರು. ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಇಳಿದು ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಆಗಬಹುದು. 2023ರ ಜುಲೈನಲ್ಲಿ ಹೀಗೆ ನಡೆದು ಹೋದವರಿಗೆ ಪೊಲೀಸರು ಬಸ್ಕಿ ಹೊಡೆಸಿದ್ದು ಊರೆಲ್ಲ ನೋಡಿದೆ. ಮಳೆಯಲ್ಲೇ ನೋಡಬೇಕು ಅಂತಿದ್ದರೆ ರೈಲಿನಲ್ಲಿ ಕೂತು ನೋಡಿ. ಗೋವಾದಿಂದ ಬೆಳಗಾವಿ ಮೇಲೆ ಪುಣೆಗೆ ಬರುವ ಗೋವಾ ಎಕ್ಸ್‌ಪ್ರೆಸ್ ಅದರ ಮುಂದೆಯೇ ಹಾದುಹೋಗುತ್ತದೆ. ಟಿಕೆಟ್ ಮಾತ್ರ ಮುಂಚೆಯೇ ಮಾಡಿಸಿ, ಮತ್ತೆ ಎಸಿ ಬೋಗಿ ಬೇಡ. ಆ ಗಾಜಿನಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ.