ಸ್ಪಷ್ಟನೆ: ಕೋರ್ಟಿಗೆ ಹೋದದ್ದು ಕೌಬಾಯ್ ಅಲ್ಲ

"ರಿಚರ್ಡ್ ಪ್ರಿನ್ಸ್ ಸಿಗರೇಟ್ ಜಾಹೀರಾತಿನ ಕೌಬಾಯ್ ಫೋಟೋ ಕದ್ದರು, ಕೋರ್ಟೂ ಸರಿ ಎಂದಿತು" ಎಂಬ ಮಾತು ಅಮೆರಿಕದ ಈ ಕಲಾವಿದರ ಬಗ್ಗೆ ಓಡಾಡುತ್ತಿದೆ. ಇದರಲ್ಲಿ ಎರಡು ಕಥೆಗಳು ಕಲಸಿಹೋಗಿವೆ.

ಕೋರ್ಟಿಗೆ ಹೋದದ್ದು ಫ್ರೆಂಚ್ ಛಾಯಾಗ್ರಾಹಕ ಪ್ಯಾಟ್ರಿಕ್ ಕಾರಿಯೂ ಜಮೈಕಾದಲ್ಲಿ ತೆಗೆದ ರಾಸ್ತಾಫಾರಿ ಎಂಬ ಧಾರ್ಮಿಕ ಪಂಥದವರ ಫೋಟೋಗಳ ವಿಚಾರ. ಅವನ್ನು ಪ್ರಿನ್ಸ್ ತಮ್ಮ ಕೃತಿಗಳಲ್ಲಿ ಬಳಸಿದ್ದರು. 2013ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಪ್ರಿನ್ಸ್‌ರ 30 ಕೃತಿಗಳಲ್ಲಿ 25ಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿತು. ಉಳಿದ 5 ಕೃತಿಗಳ ವಿಚಾರವನ್ನು ಕೆಳ ಕೋರ್ಟಿಗೆ ವಾಪಸ್ ಕಳಿಸಿತು. ಮರುವರ್ಷ ರಾಜಿಯಾಯಿತು.

ಕೌಬಾಯ್ ಕಥೆಯೇ ಬೇರೆ. 1970ರ ದಶಕದಲ್ಲಿ ಪ್ರಿನ್ಸ್ ಪತ್ರಿಕಾ ಪ್ರಕಾಶನ ಸಂಸ್ಥೆ ಟೈಮ್-ಲೈಫ್‌ನಲ್ಲಿ ಪತ್ರಿಕೆಗಳಿಂದ ಲೇಖನ ಕತ್ತರಿಸಿ ಕೊಡುತ್ತಿದ್ದರು. ಲೇಖನ ಹೋದ ಮೇಲೆ ಉಳಿಯುತ್ತಿದ್ದದ್ದು ಜಾಹೀರಾತು! 1980ರ ಸುಮಾರಿಗೆ ಮಾರ್ಲ್‌ಬರೊ ಸಿಗರೇಟಿನ ಕೌಬಾಯ್ ಜಾಹೀರಾತು ಪುಟಗಳನ್ನೇ ಕ್ಯಾಮೆರಾದಲ್ಲಿ ಮತ್ತೆ ಸೆರೆಹಿಡಿಯತೊಡಗಿದರು. ಅಕ್ಷರಗಳನ್ನು ಹೊರಗಿಟ್ಟರು, ಚಿತ್ರವನ್ನು ಹಿಗ್ಗಿಸಿದರು. ಸುಮ್ನೆ ನಕಲು ಅನ್ನಿಸಬಹುದು, ಅಲ್ವಾ? ಆದರೆ ಸಿಗರೇಟಿನ ಹೆಸರು ಹೋದ ಕೂಡಲೇ ಆ ಕುದುರೆ, ಆ ಗಂಡಸುತನ, ಆ ಆಕಾಶ ಎಲ್ಲವೂ ಎಷ್ಟು ಲೆಕ್ಕ ಹಾಕಿ ಕಟ್ಟಿದ್ದು ಎಂದು ಕಾಣುತ್ತದೆ. ನನಗೆ ಹಿಡಿಸಿದ್ದು ಅದೇ. 2005ರಲ್ಲಿ ಅಂಥ ಒಂದು ಚಿತ್ರ ಹರಾಜಿನಲ್ಲಿ 12 ಲಕ್ಷ ಡಾಲರ್ ದಾಟಿತು.

ಮೂಲ ಫೋಟೋ ತೆಗೆದ ಸ್ಯಾಮ್ ಏಬೆಲ್‌ರಂಥವರಿಗೆ ಇದರಲ್ಲಿ ಪಾಲು ಸಿಗಲಿಲ್ಲ ಎಂಬ ತಕರಾರು ಮಾತ್ರ ನಿಜವಾದದ್ದೇ.