ಹೊಟ್ಟೆ ಉಬ್ಬಿಸುವ ಗಿರಾಕಿಗಳು

"ಓದದಿದ್ರೆ ಕತ್ತೆ ಕಾಯ್ಬೇಕಾಗುತ್ತೆ ನೋಡು" ಎಂದು ಅಮ್ಮ ಹೆದರಿಸುತ್ತಿದ್ದಳು. ಹೆದರಿ ಓದಿದೆ. ಚೆನ್ನಾಗಿಯೇ ಓದಿದೆ. 18 ವರ್ಷ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಲೆಕ್ಕ ನೋಡಿದೆ. ಆಮೇಲೆ ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು, ಹೇರು ಹೊರುವ ಪ್ರಾಣಿಗಳಿಗೆ ಜೀನು, ಚೀಲ, ಪಟ್ಟಿ ಹೊಲಿಯುವ ಪುಟ್ಟ ಕಾರ್ಖಾನೆಯೊಂದನ್ನು ಕೊಂಡೆ.

ಸುದ್ದಿ ಕೇಳಿ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅಷ್ಟಕ್ಕೆ ಓದೋದೇನೂ ಬೇಕಿರಲಿಲ್ಲ ಅಲ್ವಾ" ಅಂದಳು.

"ಬರೀ ಕತ್ತೆಗಲ್ಲಮ್ಮ. ಕುದುರೆಗೆ, ಹೇಸರಗತ್ತೆಗೆ, ಲಾಮಾ ಅಂತ ಒಂಟೆ ಜಾತಿಯ ಒಂದು ಪ್ರಾಣಿ ಇದೆ, ಅದಕ್ಕೆ, ಆಡಿಗೂ ಮಾಡ್ತೀವಿ" ಅಂದೆ. ಇದರಿಂದ ನನ್ನ ಮರ್ಯಾದೆ ಏರಿದ ಹಾಗೆ ಕಾಣಲಿಲ್ಲ.

ಕಾರ್ಖಾನೆ ಎಂದದ್ದು ಸ್ವಲ್ಪ ಜಾಸ್ತಿಯಾಯಿತು. ಇರುವುದು ಎರಡು ಕೋಣೆ. ಎರಡು ಹೊಲಿಗೆ ಯಂತ್ರ, ಚರ್ಮದ ಸುರುಳಿಗಳು, ಉಣ್ಣೆಯ ದಪ್ಪ ಮೆತ್ತೆಗಳು, ಡಬ್ಬಗಟ್ಟಲೆ ಬಕಲ್. ಮತ್ತೆ ಒಬ್ಬರು ಅಕ್ಕ. ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಾರೆ, ಅವರಿಗಿಂತ ದೊಡ್ಡವರೂ. ಮಾರಾಟದ ಕಾಗದದಲ್ಲಿ ಯಂತ್ರಗಳ ಲೆಕ್ಕವಿತ್ತು, ಬಕಲ್‌ಗಳ ಲೆಕ್ಕವಿತ್ತು. ಅಕ್ಕನ ಹೆಸರಿರಲಿಲ್ಲ. ನಾನು ದುಡ್ಡು ಕೊಟ್ಟು ಕೊಂಡದ್ದು ನಿಜವಾಗಿ ಅಕ್ಕನ ಕೈಗುಣವನ್ನು ಎಂದು ತಿಳಿಯಲು ಎರಡು ವಾರ ಬೇಕಾಯಿತು. ಆ ಎರಡು ವಾರ ಅಕ್ಕ ರಜೆಯಲ್ಲಿದ್ದರು.

ಹಳೆಯ ಯಜಮಾನರು ಬೀಗದ ಕೈ ಕೊಡುವಾಗ ಹೇಳಿದ್ದು ಒಂದೇ ಮಾತು. "ಗೋಡೆ ಜೋಪಾನ."

ಗೋಡೆ ಗಟ್ಟಿಯಾಗಿಯೇ ಇತ್ತು. ಅದರ ತುಂಬ ಮೊಳೆ, ಮೊಳೆಗೊಂದು ರಟ್ಟು. ಬೇರೆ ಬೇರೆ ಬಾಗಿಗೆ ಕತ್ತರಿಸಿದ ರಟ್ಟುಗಳು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಒಂದೊಂದು ಹೆಸರು: ಸೊಟ್ಟ, ಗುಂಡಮ್ಮ, ಮೊಂಡ, ಪಾಪದವನು, ಹಾಳಾದವಳು. ನಾನು ವ್ಯಾಪಾರ ಬಲ್ಲವನು. ನೋಡಿದ ಕೂಡಲೇ ಅರ್ಥವಾಯಿತು, ಇವು ನಮ್ಮ ಮಾಡೆಲ್‌ಗಳು! ರಾತ್ರಿಯೆಲ್ಲ ಕೂತು ಬೆಲೆಪಟ್ಟಿ ತಯಾರಿಸಿದೆ. "ಗುಂಡಮ್ಮ: ವಿಶಾಲ ವಿನ್ಯಾಸ, ದಿನವಿಡೀ ಆರಾಮ." "ಸೊಟ್ಟ: ಹೊಸ ಕಾಲದ ಅಸಮ ಶೈಲಿ." 'ಹಾಳಾದವಳು' ಮಾತ್ರ ಗಿರಾಕಿಗಳಿಗೆ ಹಿಡಿಸಲಿಕ್ಕಿಲ್ಲ ಎಂದು ಅದನ್ನು 'ರಾಣಿ' ಎಂದು ಬದಲಿಸಿದೆ.

ಸೊಟ್ಟಕ್ಕೆ ಮೂರು ಆರ್ಡರ್ ಬಂದವು.

ರಜೆ ಮುಗಿಸಿ ಬಂದ ಅಕ್ಕ ಬೆಲೆಪಟ್ಟಿ ಓದಿದರು. ಮತ್ತೊಮ್ಮೆ ಓದಿದರು. "ಸಾರ್, ಸೊಟ್ಟ ಅಂದ್ರೆ ಮಾಡೆಲ್ ಅಲ್ಲ" ಅಂದರು. "ಮತ್ತೆ?" "ಸೊಟ್ಟ ಅಂದ್ರೆ ಸೊಟ್ಟ."

ಅದೊಂದು ಹೇಸರಗತ್ತೆ. ಅದರ ಎಡ ಹೆಗಲಿಗಿಂತ ಬಲ ಹೆಗಲು ದಪ್ಪ. ಬಗ್ಗುವ ತಂತಿಯೊಂದನ್ನು ಅದರ ಬೆನ್ನಿಗೆ ಅಡ್ಡಲಾಗಿ ಒತ್ತಿ, ಅದೇ ಬಾಗನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದ್ದು ಆ ಅಳತೆ. ಇಡೀ ಭೂಮಿಯ ಮೇಲೆ ಆ ಜೀನು ಕೂರುವುದು ಒಂದೇ ಬೆನ್ನಿಗೆ. ಆ ಬೆನ್ನು ಹೋಗಿ ಮೂರು ವರ್ಷವಾಗಿತ್ತು.

ರಟ್ಟುಗಳನ್ನು ತಿರುಗಿಸಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಹಿಂದುಗಡೆ ಜಾತಕವೇ ಇತ್ತು. ಮೊಂಡ: "ನೀರು ಕಂಡರೆ ನಿಲ್ಲುತ್ತದೆ. ಬಾಲದ ಹತ್ತಿರ ಕೈ ಹಾಕಬೇಡಿ." ಹಾಳಾದವಳು: "ಹೊಟ್ಟೆ ಉಬ್ಬಿಸುತ್ತಾಳೆ. ನಡೆಸಿ ಬಿಗಿಯಿರಿ." ಸೊಟ್ಟದ ಖರೀದಿದಾರರಿಗೆ ಹೇಗೋ ಸಮಜಾಯಿಷಿ ಕೊಟ್ಟು ದುಡ್ಡು ವಾಪಸ್ ಮಾಡಿದೆ.

ಕಚೇರಿಯ ಬುದ್ಧಿ ಅಷ್ಟು ಬೇಗ ಬಿಡುವುದಿಲ್ಲ. ಇನ್ನು ಮೇಲೆ ಎಲ್ಲ ಶಾಸ್ತ್ರೋಕ್ತವಾಗಿ ನಡೆಯಲಿ ಎಂದು ಗಿರಾಕಿಗಳಿಗೆ ಅರ್ಜಿ ನಮೂನೆ ಮಾಡಿದೆ. ಮೊದಲ ಕಲಂ, ಪ್ರಾಣಿಯ ಎತ್ತರ. ಒಬ್ಬರು 14.2 ಎಂದು ಬರೆದಿದ್ದರು. ಕುದುರೆ ಅಳೆಯುವುದು 'ಹ್ಯಾಂಡ್' ಲೆಕ್ಕದಲ್ಲಿ, ಒಂದು ಹ್ಯಾಂಡ್ ಎಂದರೆ 4 ಇಂಚು ಎಂಬಷ್ಟು ಓದಿಕೊಂಡಿದ್ದೆ. ಎಕ್ಸೆಲ್‌ನಲ್ಲಿ ಗುಣಿಸಿದೆ, 56.8 ಇಂಚು ಬಂತು. ತಪ್ಪು. ಆ ಚುಕ್ಕಿ ದಶಮಾಂಶದ ಚುಕ್ಕಿಯಲ್ಲವಂತೆ. 14.2 ಎಂದರೆ 14 ಹ್ಯಾಂಡ್ ಮತ್ತು 2 ಇಂಚು, ಒಟ್ಟು 58. 14.3 ಆದ ಮೇಲೆ ನೇರವಾಗಿ 15. ಇಷ್ಟು ವರ್ಷ ಲೆಕ್ಕಪತ್ರದಲ್ಲೇ ಬದುಕಿದವನಿಗೆ ಇದು ಸ್ವಂತ ಅಣ್ಣನೇ ಕೈ ಕೊಟ್ಟ ಹಾಗಾಯಿತು. ರಾತ್ರಿ ಕೂತು ಸೂತ್ರ ತಿದ್ದಿ, ಬೆಳಿಗ್ಗೆ ಹೆಮ್ಮೆಯಿಂದ ಅಕ್ಕನಿಗೆ ತೋರಿಸಿದೆ.

"ಚೆನ್ನಾಗಿದೆ ಸಾರ್. ಆದ್ರೆ ಎತ್ತರ ಇಟ್ಕೊಂಡು ಏನ್ ಮಾಡೋದು? ಜೀನು ಕೂರೋದು ಬೆನ್ನಿನ ಮೇಲಲ್ವಾ?"

ಬೆನ್ನು. ಇದೊಂದು ಬೇರೆಯೇ ಪ್ರಪಂಚ. ಕುದುರೆಯ ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ದಿಬ್ಬವಿರುತ್ತದೆ, ಜೀನು ಅಲ್ಲಿ ಒಂದಿಷ್ಟು ಆಧಾರ ಹಿಡಿಯುತ್ತದೆ. ಕತ್ತೆಗೆ ಆ ದಿಬ್ಬ ಇದ್ದೂ ಇಲ್ಲದಂತೆ. ಪೀಪಾಯಿ ಮೇಲೆ ಜೀನು ಇಟ್ಟ ಹಾಗೆ. ಹೇಸರಗತ್ತೆಯದು ಎರಡರ ನಡುವಿನ ಸಂಸಾರ. ತಾಯಿ ಕುದುರೆ, ತಂದೆ ಕತ್ತೆ. ಕುದುರೆಗೆ 64 ವರ್ಣತಂತು, ಕತ್ತೆಗೆ 62, ಇದಕ್ಕೆ 63. ಬೆನ್ನು ಮಾತ್ರ ಹೆಚ್ಚಾಗಿ ತಂದೆಯ ಕಡೆಗೇ ಹೋಗುತ್ತದೆ.

ಇದನ್ನೆಲ್ಲ ಕಲಿತದ್ದು ಒಂದು ಫೋನ್ ಕರೆಯಿಂದ.

ಜೀನಿನಿಂದ ಹೊರಟು ಪ್ರಾಣಿಯ ಪೃಷ್ಠವನ್ನು ಬಳಸಿಕೊಂಡು ಬರುವ ಒಂದು ಅಗಲ ಪಟ್ಟಿ ಇದೆ. ನಾವು ಅದನ್ನು ಹಿಂಪಟ್ಟಿ ಅನ್ನುತ್ತೇವೆ. ನನ್ನ ಕಣ್ಣಿಗೆ ಅದು ಅಲಂಕಾರದಂತೆ ಕಂಡಿತ್ತು. ಅಷ್ಟೊಂದು ಒಳ್ಳೆಯ ಚರ್ಮ, ಅದೂ ಹಿಂದುಗಡೆ, ಯಾರು ನೋಡುತ್ತಾರೆ? ಖರ್ಚು ಉಳಿಸೋಣ ಎಂದು ಒಂದು ಆರ್ಡರಿನಲ್ಲಿ ಅದನ್ನು ಬಿಟ್ಟು ಕಳಿಸಿದೆ. ಗಿರಾಕಿ ಇಳಿಜಾರಿನ ಮಧ್ಯದಿಂದ ಫೋನ್ ಮಾಡಿದರು. ದನಿ ಬಹಳ ಶಾಂತವಾಗಿತ್ತು. ಅಷ್ಟು ಶಾಂತವಾಗಿ ಮಾತಾಡುವವರನ್ನು ಕಂಡರೆ ನನಗೆ ಭಯ.

"ನಿಮ್ಮ ಜೀನು ಈಗ ನಮ್ಮ ಹೇಸರಗತ್ತೆಯ ಕಿವಿ ಹತ್ರ ಇದೆ" ಅಂದರು.

ಇಳಿಜಾರಿನಲ್ಲಿ ಹೇರು ಮುಂದಕ್ಕೆ ಜಾರುತ್ತದೆ. ಹಿಂದಿನಿಂದ ಹಿಡಿದು ನಿಲ್ಲಿಸುವುದು ಆ ಪಟ್ಟಿಯೇ. ಏರುವಾಗ ಹಿಂದಕ್ಕೆ ಜಾರದಂತೆ ತಡೆಯಲು ಎದೆಪಟ್ಟಿ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಹಿಂಪಟ್ಟಿಯನ್ನು ಅಂದೇ ಬಿಟ್ಟಿ ಕಳಿಸಿ, ಜೊತೆಗೆ ಮುಂದಿನ ಖರೀದಿಗೆ ರಿಯಾಯಿತಿ ಚೀಟಿಯನ್ನೂ ಇಡಲು ಹೋದೆ. ಅಕ್ಕ ಪಾರ್ಸೆಲ್ ಕಟ್ಟುತ್ತಾ, "ರಿಯಾಯ್ತಿ ಹೇಸರಗತ್ತೆಗೆ ಕೊಡ್ತೀರಾ, ಅವ್ರಿಗಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಚೀಟಿ ತೆಗೆದು ಜೇಬಿಗೆ ಹಾಕಿಕೊಂಡೆ.

ಆಮೇಲೆ ಹೊಲಿಗೆ ಕಲಿಯಲು ಹೊರಟೆ. ಯಜಮಾನನಾದವನಿಗೆ ಕೆಲಸ ಗೊತ್ತಿರಬೇಕಲ್ಲ. ಭಾರ ಬೀಳುವ ಕಡೆ ಕೈಹೊಲಿಗೆ ಆಗಬೇಕು. ಒಂದೇ ದಾರ, ಎರಡು ತುದಿಗೂ ಒಂದೊಂದು ಸೂಜಿ, ಒಂದೇ ತೂತಿನಲ್ಲಿ ಎರಡೂ ಎದುರುಬದುರಾಗಿ ಹೋಗಬೇಕು. ಒಂದು ಹೊಲಿಗೆ ಹರಿದರೂ ಪಕ್ಕದವು ಬಿಟ್ಟುಕೊಡುವುದಿಲ್ಲ. ಮೊದಲ ಗಂಟೆಯಲ್ಲಿ 11 ಹೊಲಿಗೆ ಹಾಕಿದೆ. ಅದರಲ್ಲಿ ಮೂರು ನನ್ನ ಬೆರಳಿಗೆ. ಚರ್ಮಕ್ಕೆ ಎಣ್ಣೆ ಹಾಕುವುದಾದರೂ ಸುಲಭವಿರಬಹುದು ಎಂದು ಅದಕ್ಕೆ ಕೈ ಹಾಕಿದೆ. ಎಣ್ಣೆ ಹೆಚ್ಚಾದರೆ ಚರ್ಮ ಜೋತು ಬೀಳುತ್ತದೆ ಎಂದು ಆಮೇಲೆ ತಿಳಿಯಿತು. ಆ ಪಟ್ಟಿಗಳು ಈಗ ನಮ್ಮ ಮನೆಯ ಬಾಗಿಲು ಬಡಿದುಕೊಳ್ಳದಂತೆ ಕಟ್ಟಲು ಉಪಯೋಗವಾಗುತ್ತಿವೆ.

ಮೊದಲ ಸಲ ಕಣ್ಣೆದುರೇ ಜೀನು ಕಟ್ಟಲು ಹೋದದ್ದು ಒಂದು ಕತ್ತೆಗೆ. ಮುದ್ದಾದ ಮುಖ. ಹೊಟ್ಟೆಪಟ್ಟಿ ಬಿಗಿದೆ, ಬೆರಳು ತೂರಿಸಿ ನೋಡಿದೆ, ಎಲ್ಲ ಸರಿ. ಕತ್ತೆ ನಾಲ್ಕು ಹೆಜ್ಜೆ ನಡೆಯಿತು, ಉಸಿರು ಬಿಟ್ಟಿತು. ಜೀನು ನಿಧಾನವಾಗಿ ಪಕ್ಕಕ್ಕೆ ವಾಲಿ ಹೊಟ್ಟೆಯ ಕೆಳಗೆ ಹೋಗಿ ನೇತಾಡಿತು. ಕತ್ತೆ ನನ್ನ ಕಡೆ ನೋಡಿದ ನೋಟವನ್ನು ನಾನು ಹಿಂದೊಮ್ಮೆ ನೋಡಿದ್ದೆ, ಕೆಲಸ ಬಿಡುತ್ತೇನೆ ಎಂದಾಗ ನಮ್ಮ ಮ್ಯಾನೇಜರ್ ಮುಖದಲ್ಲಿ.

ಪಟ್ಟಿ ಬಿಗಿಯುವಾಗ ಕೆಲವು ಪ್ರಾಣಿಗಳು ಮೈ ಬಿಗಿಹಿಡಿದು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ಹಿಂದೆ ಯಾರೋ ಗಬಕ್ಕನೆ ಬಿಗಿದು ನೋಯಿಸಿದ್ದರೆ ಇನ್ನೂ ಜಾಸ್ತಿ. ಅದಕ್ಕೇ ಮೊದಲು ಸಡಿಲವಾಗಿ ಕಟ್ಟಿ, ಸ್ವಲ್ಪ ನಡೆಸಿ, ಆಮೇಲೆ ಬಿಗಿಯಬೇಕು. ರಟ್ಟಿನ ಹಿಂದೆ ಸ್ಪಷ್ಟವಾಗಿಯೇ ಬರೆದಿತ್ತು. ಓದಿಯೂ ಇದ್ದೆ. ಆದರೆ ಆ ಮಾತು ಹಾಳಾದವಳೊಬ್ಬಳಿಗೇ ಸಂಬಂಧಪಟ್ಟದ್ದು ಅಂದುಕೊಂಡಿದ್ದೆ.

ಲಾಮಾ ಬಗ್ಗೆ ನನಗೆ ಗೌರವವಿದೆ. ಹೇರು ಹೆಚ್ಚಾಯಿತು ಅನ್ನಿಸಿದರೆ ಅದು ಕಾಲು ಮಡಚಿ ಕೂತುಬಿಡುತ್ತದೆ. ಜಗಳವಿಲ್ಲ, ಮೀಟಿಂಗ್ ಇಲ್ಲ. ಇಳಿಸುವವರೆಗೆ ಏಳುವುದಿಲ್ಲ. ತೀರಾ ರೇಗಿಸಿದರೆ ಉಗಿಯುತ್ತದೆ. ಈ ಎರಡೂ ಸೌಲಭ್ಯ ನನಗೆ ಹಿಂದಿನ ಕೆಲಸದಲ್ಲಿ ಇರಲಿಲ್ಲ.

ಆಡಿನ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಚಿಕ್ಕಂದಿನಲ್ಲೇ ಕಲಿತಿದ್ದೆ. ಸೊಪ್ಪಿಗಷ್ಟೇ ಅನ್ವಯ ಎಂದುಕೊಂಡಿದ್ದೆ. ಸಾಲಾಗಿ ಮೂರು ಆಡುಗಳಿಗೆ ಹೊಸ ಚೀಲ ಕಟ್ಟಿ, ಫೋಟೋ ತೆಗೆಯಲು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಎರಡನೆಯದು ಮೊದಲನೆಯದರ ಹಿಂಪಟ್ಟಿ ತಿನ್ನುತ್ತಿತ್ತು. ಮೂರನೆಯದು ಎರಡನೆಯದರ ಚೀಲದ ಬಾಯಿ ತಿನ್ನುತ್ತಿತ್ತು. ಮೊದಲನೆಯದಕ್ಕೆ ಮುಂದೆ ಯಾರೂ ಇರಲಿಲ್ಲ ಪಾಪ. ಅದು ತಿರುಗಿ ಬಂದು ನನ್ನ ಕೈಯಲ್ಲಿದ್ದ ಬಳಕೆಯ ಸೂಚನೆಗಳ ಹಾಳೆ ತಿಂದಿತು. ನಮ್ಮ ಸೂಚನೆಗಳನ್ನು ಕೊನೆಯವರೆಗೂ ಬಿಡದೆ ಮುಗಿಸಿದ ಗಿರಾಕಿ ಇದುವರೆಗೆ ಅದೊಂದೇ.

ಆ ಹಾಳೆಯಲ್ಲಿ ಒಳ್ಳೆಯ ವಿಷಯಗಳಿದ್ದವು. ಹೇರು ಸಾಮಾನ್ಯವಾಗಿ ಮೈತೂಕದ ಐದನೇ ಒಂದು ಪಾಲು ದಾಟದಿರಲಿ, ಜೀನಿನ ತೂಕವೂ ಅದರಲ್ಲೇ ಸೇರಿತು. ಅಂದರೆ 300 ಕಿಲೋದ ಹೇಸರಗತ್ತೆಗೆ ಎಲ್ಲ ಸೇರಿ 60 ಕಿಲೋ. ಎರಡು ಕಡೆಯ ಚೀಲಗಳೂ ಸಮತೂಕ ಇರಲಿ. ತೂಗಿ ನೋಡಿ, ಕೈಯಂದಾಜು ಬೇಡ. ಕಡಿಮೆಯಾದ ಕಡೆಗೆ ಒಂದು ಕಲ್ಲಾದರೂ ಹಾಕಿ. ಆಡು ಪೂರ್ತಿ ಬೆಳೆಯಲು ಸುಮಾರು 4 ವರ್ಷ ಬೇಕು, ಅಲ್ಲಿಯವರೆಗೆ ಪೂರ್ತಿ ಹೇರು ಬೇಡ. ಈಗ ಹಾಳೆಯ ಬದಲು ಫೋನಿನಲ್ಲೇ ಹೇಳುತ್ತೇನೆ.

ಕಚೇರಿಯ ಬುದ್ಧಿ ಮತ್ತೊಮ್ಮೆ ಹೆಡೆಯೆತ್ತಿತು. ಗಿರಾಕಿಗಳ ಅಭಿಪ್ರಾಯ ಕೇಳಿ, ಐದರಲ್ಲಿ ಎಷ್ಟು ನಕ್ಷತ್ರ ಎಂಬ ಚೀಟಿ ಅಚ್ಚು ಹಾಕಿಸಿದೆ. ಎಲ್ಲರೂ ಐದಕ್ಕೆ ಐದು ಕೊಟ್ಟರು. ಖುಷಿಯಿಂದ ತೋರಿಸಿದರೆ, ಅಕ್ಕ ಅದನ್ನು ಪಕ್ಕಕ್ಕಿಟ್ಟು ಗಿರಾಕಿಯೊಬ್ಬರು ಕಳಿಸಿದ್ದ ಒಂದು ಫೋಟೋ ತೋರಿಸಿದರು. ಕೆಲಸ ಮುಗಿಸಿ ಜೀನು ತೆಗೆದ ಮೇಲಿನ ಬೆನ್ನು. ಬೆವರಿ ಒದ್ದೆಯಾದ ಕೂದಲಿನ ನಡುವೆ ಅಂಗೈಯಗಲ ಒಣ ಜಾಗ. ಅಲ್ಲಿ ಜೀನು ಒತ್ತುತ್ತಿರಬಹುದು ಎಂದರ್ಥ. ಹಾಗೇ ಬಿಟ್ಟರೆ ಹುಣ್ಣಾಗಬಹುದು, ಆಮೇಲೆ ಅಲ್ಲಿ ಬಿಳಿ ಕೂದಲು ಬರುತ್ತದೆ, ಹೋಗುವುದಿಲ್ಲ. "ಇದಕ್ಕೆ ಎಷ್ಟು ನಕ್ಷತ್ರ ಸಾರ್?" ಅಂದರು. ಆ ಜೀನನ್ನು ವಾಪಸ್ ತರಿಸಿ ಬಿಚ್ಚಿ ಮತ್ತೆ ಕಟ್ಟಿದೆವು. ಅಂದು ರಾತ್ರಿ ಕನ್ನಡಿ ನೋಡಿದಾಗ, ನನ್ನ ಇಡೀ ತಲೆಯ ಮೇಲೆ ಯಾರೋ ವರ್ಷಗಟ್ಟಲೆ ಜೀನು ಒತ್ತಿದ ಹಾಗೆ ಕಂಡಿತು.

ಕಳೆದ ತಿಂಗಳು ಒಂದು ಅವಸರದ ಆರ್ಡರ್. ಹೊಸ ಬಗೆಯ ಮೆತ್ತೆ, ಬಾಗಿದ ಬೆನ್ನಿನ ಮೇಲೆ ಹೇಗೆ ಕೂರುತ್ತದೆ ಎಂದು ನೋಡಬೇಕಿತ್ತು. ಹತ್ತಿರದಲ್ಲಿ ಒಂದು ಪ್ರಾಣಿಯೂ ಇರಲಿಲ್ಲ. ಅಕ್ಕ ನನ್ನ ಕಡೆ ನೋಡಿದರು. ನಾನು ಬಾಗಿಲ ಕಡೆ ನೋಡಿದೆ. ಕೊನೆಗೆ ನೆಲದ ಮೇಲೆ ಕೈಯೂರಿ ನಾಲ್ಕು ಕಾಲಿನ ಮೇಲೆ ನಿಂತೆ. ಮೆತ್ತೆ ಬಂತು, ಅದರ ಮೇಲೆ ಜೀನು ಬಂತು, ಹೊಟ್ಟೆಪಟ್ಟಿ ಬಂತು. ಬಗ್ಗುವ ತಂತಿಯೂ ಬಂತು, ಅದು ಯಾಕೆ ಎಂದು ನಾನು ಕೇಳಲಿಲ್ಲ. ಅಷ್ಟರಲ್ಲಿ ಪಾರ್ಸೆಲ್ ಹುಡುಗ ಒಳಗೆ ಬಂದ. ನೋಡಿದ. ಪೊಟ್ಟಣವನ್ನು ಮೆಲ್ಲಗೆ ನೆಲದ ಮೇಲಿಟ್ಟು, "ಸೈನ್ ಆಮೇಲೆ ಹಾಕಿ ಸಾರ್, ಅರ್ಜೆಂಟ್ ಏನಿಲ್ಲ" ಎಂದು ಹಿಂದಕ್ಕೇ ನಡೆದು ಹೊರಗೆ ಹೋದ.

ಮೊನ್ನೆ ಹಳೆಯ ಯಜಮಾನರು ಬಂದಿದ್ದರು. ನನ್ನನ್ನು ಮಾತಾಡಿಸುವ ಮೊದಲು ಗೋಡೆಯ ಹತ್ತಿರ ಹೋದರು. ಒಂದೊಂದೇ ರಟ್ಟು ಮುಟ್ಟಿ ನೋಡುತ್ತಾ ಬಂದವರು ಕೊನೆಯ ಮೊಳೆಯ ಮುಂದೆ ನಿಂತರು. ಅಲ್ಲೊಂದು ಹೊಸ ರಟ್ಟು. ಮೇಲೆ ಅಕ್ಕನ ಅಕ್ಷರದಲ್ಲಿ 'ಹೊಸಬರು' ಎಂದಿತ್ತು. ಅವರು ತಿರುಗಿಸಿ ಗಟ್ಟಿಯಾಗಿ ಓದಿದರು.

"ಎಡಕ್ಕೆ ವಾಲುತ್ತಾರೆ. ಅಳತೆ ತೆಗೆಯುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ, ನಂಬಬೇಡಿ. ಗದರಿಸಿದರೆ ನಿಂತುಬಿಡುತ್ತಾರೆ."

ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು, "ಇದ್ಯಾವ ಪ್ರಾಣಿಗಮ್ಮಾ ಇಷ್ಟೊಂದು ಮರ್ಯಾದೆ ಕೊಟ್ಟು ಬರ್ದಿದೀಯ?"

ಅಕ್ಕ ಸೂಜಿಯಿಂದ ಕಣ್ಣೆತ್ತಲಿಲ್ಲ. "ಹೊಸದು" ಅಂದರು. "ಇನ್ನೂ ಪಳಗ್ತಾ ಇದೆ."