ಬಾವಿಗೂ ಅವನದೇ ಹೆಸರು

ವಲಾಕಿಯಾ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗಲ್ಲ. ಈಗಿನ ರೊಮೇನಿಯಾದ ದಕ್ಷಿಣ ಭಾಗ ಅದು. ಡ್ರಾಕುಲಾನ ನಾಡು ಅನ್ನಿ, ಥಟ್ಟನೆ ಗೊತ್ತಾಗುತ್ತೆ. ಐನೂರು ವರ್ಷಕ್ಕೂ ಜಾಸ್ತಿ ಬಾಳಿದ ಸಂಸ್ಥಾನ ಪಾಪ, ಒಬ್ಬನ ಕೋರೆಹಲ್ಲಿಗೆ ಸಿಕ್ಕಿಕೊಂಡುಬಿಟ್ಟಿದೆ. ಡ್ರಾಕುಲಾ ಅಂತ ಕರೆಸಿಕೊಂಡ ವ್ಲಾದ್ ಅನ್ನೋ ದೊರೆ ಇದ್ದದ್ದು ನಿಜ, ಶತ್ರುಗಳನ್ನು ಶೂಲಕ್ಕೇರಿಸಿದ್ದೂ ನಿಜ. ಆದರೆ ಅವನು ಮೂರು ಸಲ ಪಟ್ಟ ಏರಿ ಆಳಿದ್ದು ಎಲ್ಲ ಸೇರಿ ಹೆಚ್ಚೆಂದರೆ ಏಳು ವರ್ಷ!

ನನಗೆ ಹುಚ್ಚು ಹಿಡಿಸಿರುವುದು ಅದೇ ನಾಡಿನ ಇನ್ನೊಂದು ಊರು, ಕುರ್ತ್ಯಾ ದೆ ಆರ್ಜೆಶ್. ಆರ್ಜೆಶ್ ನದಿಯ ದಡದಲ್ಲಿದೆ, ಒಂದು ಕಾಲದ ರಾಜಧಾನಿ. ನಾನು ಹೋಗಿಲ್ಲ, ರಾತ್ರಿ ನಿದ್ದೆಗೆಟ್ಟು ಫೋಟೋ ನೋಡಿದ್ದಷ್ಟೇ. ಅಲ್ಲಿ ಹೊಳೆಗಲ್ಲು ಒಂದು ಸಾಲು, ಇಟ್ಟಿಗೆ ಒಂದು ಸಾಲು ಇಟ್ಟು ಕಟ್ಟಿದ ಹಳೆಯ ಆರ್ಥೊಡಾಕ್ಸ್ ಚರ್ಚ್ ಇದೆ. 1920ರಲ್ಲಿ ದುರಸ್ತಿ ಮಾಡುವಾಗ ಅದರ ಗಾರೆಯ ಮೇಲೆ ಯಾರೋ ಗೀಚಿದ ಒಂದು ಸಾಲು ಸಿಕ್ಕಿತು. ಆಗಿನ ಚರ್ಚಿನ ಸ್ಲಾವೊನಿಕ್ ಭಾಷೆಯಲ್ಲಿ, ಜಗತ್ತು ಸೃಷ್ಟಿಯಾದ 6860ನೇ ವರ್ಷದಲ್ಲಿ ದೊಡ್ಡ ದೊರೆ ಬಸರಾಬ್ ತೀರಿಕೊಂಡ ಅಂತ. ನಮ್ಮ ಲೆಕ್ಕದಲ್ಲಿ 1352ರ ಸುಮಾರು. ಈ ಬಸರಾಬನೇ 1330ರಲ್ಲಿ ಹಂಗೇರಿಯ ದೊರೆಯನ್ನು ಬೆಟ್ಟದ ಕಣಿವೆಯಲ್ಲಿ ಸಿಕ್ಕಿಸಿ, ಮೇಲಿನಿಂದ ಬಂಡೆ ಉರುಳಿಸಿ ಸೋಲಿಸಿದವನು. ಹಂಗೇರಿಯ ದೊರೆ ತನ್ನ ಲಾಂಛನವನ್ನು ಬೇರೊಬ್ಬನಿಗೆ ತೊಡಿಸಿ ಜೀವ ಉಳಿಸಿಕೊಂಡನಂತೆ. ಅಂಥ ವೀರನ ಸಾವಿನ ಸುದ್ದಿ ಗೋಡೆಯ ಮೇಲೆ ಒಂದು ಗೀಚು!

ಊರಿನಲ್ಲಿ ಇನ್ನೊಂದು ಚರ್ಚ್ ಇದೆ, ಮಠದ್ದು. ಪ್ರವಾಸಿಗರು ಹೋಗುವುದು ಅಲ್ಲಿಗೇ. ವಲಾಕಿಯಾದ ಮುಂದಿನ ಕಾಲದ ದೊರೆ ನ್ಯಾಗೊಯೆ ಬಸರಾಬ್ ಕಟ್ಟಿಸಿದ್ದು, 1517ರಲ್ಲಿ ಪ್ರತಿಷ್ಠೆ ಆಯಿತು. ಅದರ ಎರಡು ಗೋಪುರಗಳು ಹಗ್ಗ ಹೊಸೆದಂತೆ ತಿರುಚಿಕೊಂಡು ಮೇಲೇರುತ್ತವೆ, ಕಿಟಕಿಗಳೂ ಓರೆ.

ಈ ಚರ್ಚಿನ ಮೇಲೆ ಒಂದು ಜನಪದ ಹಾಡಿದೆ. ಮೇಸ್ತ್ರಿ ಮನೋಲೆ ಮತ್ತು ಒಂಬತ್ತು ಜನ ಕಟ್ಟುತ್ತಾರೆ. ಹಗಲು ಕಟ್ಟಿದ್ದು ರಾತ್ರಿ ಬಿದ್ದು ಹೋಗುತ್ತದೆ. ನಾಳೆ ಬುತ್ತಿ ಹೊತ್ತು ಮೊದಲು ಬರುವ ಹೆಂಗಸನ್ನು ಗೋಡೆಯೊಳಗೆ ಇಟ್ಟು ಕಟ್ಟಬೇಕು ಅಂತ ಮನೋಲೆಗೆ ಕನಸು. ಬೆಳಗ್ಗೆ ದೂರದಲ್ಲಿ ಬರುತ್ತಿರುವವಳು ಅವನ ಹೆಂಡತಿ ಅನಾ, ಬಸುರಿ. ಮಳೆ ಬರಲಿ, ಗಾಳಿ ಬೀಸಲಿ, ಅವಳು ಹಿಂದಿರುಗಲಿ ಅಂತ ಅವನು ಬೇಡಿಕೊಳ್ಳುತ್ತಾನೆ. ಮಳೆಯೂ ಬರುತ್ತದೆ, ಗಾಳಿಯೂ ಬೀಸುತ್ತದೆ. ಅವಳೂ ಬರುತ್ತಾಳೆ. ಸುಮ್ನೆ ಆಟ ಅಂತ ಹೇಳಿ ನಿಲ್ಲಿಸುತ್ತಾರೆ. ಮೊದಲು ನಗುತ್ತಾಳೆ. ಗೋಡೆ ಎದೆಮಟ್ಟಕ್ಕೆ ಬರುವಾಗ ಅಳುತ್ತಾಳೆ.

ನಿಮಗೂ ನೆನಪಾಯಿತು ತಾನೇ? ನಮ್ಮ 'ಕೆರೆಗೆ ಹಾರ'. ಮಲ್ಲನಗೌಡನ ಕೆರೆಗೆ ನೀರು ಬರಲ್ಲ, ಕಿರಿಸೊಸೆ ಭಾಗೀರಥಿಯನ್ನು ಕೊಡಬೇಕು. ಅಲ್ಲೂ ಇಲ್ಲೂ ಕೆಲಸ ಗಂಡಸರದ್ದು, ಹೋಗುವ ಜೀವ ಮನೆಗೆ ಬಂದ ಹೆಣ್ಣಿನದು. ಆದರೆ ಭಾಗೀರಥಿ ತಿಳಿದೂ ಹೋಗುತ್ತಾಳೆ. ಅನಾಗೆ ಯಾರೂ ಹೇಳಲೇ ಇಲ್ಲ. ಅದಕ್ಕೇ ಮನೋಲೆಯನ್ನು ಕಲೆಗಾಗಿ ಎಲ್ಲ ತ್ಯಾಗ ಮಾಡಿದವನು ಅಂತ ಹೊಗಳುವುದು ನನಗೆ ಸರಿ ಬರಲ್ಲ. ಇನ್ನೊಬ್ಬರ ಪ್ರಾಣ ಕೊಟ್ಟರೆ ಅದು ತ್ಯಾಗ ಹೇಗಾಗುತ್ತದೆ ಹೇಳಿ? ಭಾಗೀರಥಿಯನ್ನು ಮಹಾಸತಿ ಅಂತ ಹಾಡಿ ಕೈ ತೊಳೆದುಕೊಂಡ ನಾವೂ ಏನು ಕಮ್ಮಿ ಇಲ್ಲ ಬಿಡಿ.

ಹಾಡಿನ ಕೊನೆಗೆ ದೊರೆ ಏಣಿ ತೆಗೆಸಿಬಿಡುತ್ತಾನೆ, ಇವರು ಇನ್ನೆಲ್ಲೂ ಇದಕ್ಕಿಂತ ಚೆಂದದ್ದು ಕಟ್ಟಬಾರದು ಅಂತ. ಮೇಸ್ತ್ರಿಗಳು ಮರದ ಹಲಗೆಗಳಿಂದ ರೆಕ್ಕೆ ಮಾಡಿಕೊಂಡು ಹಾರಿ ಸಾಯುತ್ತಾರೆ. ಮನೋಲೆಗೆ ಗೋಡೆಯೊಳಗಿಂದ ಅನಾಳ ದನಿ ಕೇಳಿಸುತ್ತದೆ, ತಲೆ ಸುತ್ತಿ ಬೀಳುತ್ತಾನೆ. ಬಿದ್ದ ಜಾಗದಲ್ಲಿ ನೀರು ಉಕ್ಕಿತಂತೆ. ಮಠದ ಹತ್ತಿರ ಇವತ್ತಿಗೂ ಆ ನೀರಿನ ಸೆಲೆ ತೋರಿಸುತ್ತಾರೆ. ಅದನ್ನು ಕರೆಯುವುದು ಮನೋಲೆಯ ಬಾವಿ ಅಂತ.